ರಿಂಗ್ ಒಳಗಿನದ್ದು ನಾಟಕ, ಸರಿ. ಹೊರಗಿನದ್ದು?

“ಲೋ, ಅದೆಲ್ಲಾ ಫೇಕ್ ಕಣೋ! ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿರ್ತಾರೆ.”

ಡಬ್ಲ್ಯೂಡಬ್ಲ್ಯೂಇ ನೋಡೋ ಯಾರನ್ನೇ ಕೇಳಿ, ಈ ಮಾತನ್ನ ಕನಿಷ್ಠ ನೂರು ಸಲ ಕೇಳಿರ್ತಾರೆ. ನಾನು ಮೊದಲ ಸಲ ಕೇಳಿದ್ದು ಐದನೇ ಕ್ಲಾಸಿನಲ್ಲಿ, ನಮ್ಮ ಮಾವನ ಬಾಯಲ್ಲಿ. ಅವತ್ತು ರಾತ್ರಿ ಊಟ ಬಿಟ್ಟು ಅತ್ತಿದ್ದೆ. ಕೊನೆಯ ಸಲ ಕೇಳಿದ್ದು ಹೋದ ವಾರ, ಹಾಸ್ಟೆಲ್ ಮೆಸ್ಸಿನಲ್ಲಿ. ಈ ಸಲ ಅಳಲಿಲ್ಲ, ಇನ್ನೊಂದು ಚಪಾತಿ ಹಾಕಿಸಿಕೊಂಡೆ.

ಹೌದು ಸ್ವಾಮಿ, ಬರೆದಿಟ್ಟಿರ್ತಾರೆ. ಇದು ನೀವು ಕಂಡುಹಿಡಿದ ರಹಸ್ಯ ಏನಲ್ಲ. 1989ರಲ್ಲೇ ವಿನ್ಸ್ ಮೆಕ್‌ಮಹೊನ್ ಕಂಪನಿಯವರು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸರ್ಕಾರದ ಮುಂದೆ, ‘ನಮ್ಮದು ಕ್ರೀಡೆ ಅಲ್ಲ, ಮನರಂಜನೆ’ ಅಂತ ಒಪ್ಪಿಕೊಂಡಾಗಿದೆ. ಕ್ರೀಡೆ ಅಂದ್ರೆ ಕ್ರೀಡಾ ಆಯೋಗದ ನಿಯಮ, ತೆರಿಗೆ ಎಲ್ಲಾ ಬರುತ್ತೆ, ಮನರಂಜನೆ ಅಂದ್ರೆ ಅದೆಲ್ಲಾ ತಪ್ಪುತ್ತೆ. ಲೆಕ್ಕ ಅಷ್ಟೇ. ಯಕ್ಷಗಾನದಲ್ಲಿ ಕೀಚಕ ಸಾಯ್ತಾನೆ ಅಂತ ಗೊತ್ತಿದ್ದೇ ಅಲ್ವಾ ನಮ್ಮ ಕರಾವಳಿಯ ಗೆಳೆಯರು ಬೆಳಗಿನ ಜಾವದವರೆಗೂ ಕೂತು ನೋಡೋದು? ಇದೂ ಹಾಗೇ.

ಹಾಗಾಗಿ ‘ಫೇಕಾ, ರಿಯಲ್ಲಾ’ ಅನ್ನೋ ಚರ್ಚೆ ನನಗೆ ಬೇಡ. ನನ್ನ ತಲೆ ಕೆಡಿಸಿರೋ ಪ್ರಶ್ನೆ ಬೇರೆ. ರಿಂಗ್ ಒಳಗೆ ನಡೆಯೋದು ನಾಟಕ ಅಂತ ಎಲ್ಲರಿಗೂ ಗೊತ್ತು. ಆದ್ರೆ ಇದೇ ಜನ ರಿಂಗ್ ಹೊರಗೂ ಒಂದು ಇಮೇಜು ಮಾರ್ತಾರಲ್ಲ, ಟೀವಿ ಶೋಗಳಲ್ಲಿ, ಟೀಶರ್ಟ್ ಮೇಲೆ, ಮಕ್ಕಳಿಗೆ ಕೊಡೋ ಉಪದೇಶದಲ್ಲಿ, ಅದನ್ನ ಎಷ್ಟು ನಂಬಬೇಕು?

ಹೋಗನ್ ಸತ್ತ ದಿನ

2025ರ ಜುಲೈ 24ಕ್ಕೆ ಹಲ್ಕ್ ಹೋಗನ್ ತೀರಿಕೊಂಡ. ಸುದ್ದಿ ಬಂದ ಹತ್ತು ನಿಮಿಷದಲ್ಲಿ ನಮ್ಮ ವಾಟ್ಸಾಪ್ ಗ್ರೂಪ್ ತುಂಬಾ ಸ್ಟೇಟಸ್ಸು, ಮೋಂಬತ್ತಿ ಇಮೋಜಿ. ನಾನೂ ಹಾಕಿದೆ. ನನ್ನ ಹತ್ರ ಇನ್ನೂ ಹೋಗನ್ನದ್ದು ಒಂದು ಟ್ರಂಪ್ ಕಾರ್ಡ್ ಇದೆ, ಅಣ್ಣನಿಂದ ಬಂದದ್ದು, ಮೂಲೆಗಳೆಲ್ಲಾ ಸವೆದು ಹೋಗಿವೆ. ಅದರ ಫೋಟೋ ತೆಗೆದು ‘ನಮ್ಮ ಬಾಲ್ಯ ಮುಗೀತು’ ಅಂತ ಬರೆದಿದ್ದೆ.

ರೂಮ್‌ಮೇಟ್ ಬಂದು ಒಂದೇ ಪ್ರಶ್ನೆ ಕೇಳಿದ: “ಆತ ಕಪ್ಪು ಜನರ ಬಗ್ಗೆ ಮಾತಾಡಿದ್ದು ಓದಿದೀಯಾ?”

ಓದಿದ್ದೆ. 2015ರಲ್ಲಿ ಅವನ ಹಳೇ ಖಾಸಗಿ ರೆಕಾರ್ಡಿಂಗ್ ಒಂದರ ಮಾತುಗಳು ಹೊರಬಂದವು. ಕಪ್ಪು ಜನರ ಬಗ್ಗೆ ಇಲ್ಲಿ ಬರೆಯೋಕೆ ಆಗದ ಪದಗಳನ್ನ ಬಳಸಿದ್ದ. ಕಂಪನಿ ಕೂಡಲೇ ಕಾಂಟ್ರಾಕ್ಟ್ ರದ್ದು ಮಾಡಿ, ಹಾಲ್ ಆಫ್ ಫೇಮ್‌ನಿಂದಲೂ ತೆಗೆದುಹಾಕಿತು. ಅವನು ಕ್ಷಮೆ ಕೇಳಿದ. ಮೂರು ವರ್ಷ ಆದ ಮೇಲೆ, 2018ರಲ್ಲಿ ಕಂಪನಿ ವಾಪಸ್ ಸೇರಿಸಿಕೊಂಡಿತು. ಇದೆಲ್ಲಾ ಗೊತ್ತಿದ್ದೂ ಸ್ಟೇಟಸ್ ಹಾಕಿದ್ದೆ. ‘ಸತ್ತವರ ಬಗ್ಗೆ ಕೆಟ್ಟದ್ದು ಮಾತಾಡಬಾರದು’ ಅಂದೆ. ಅವನು ‘ಹಾಗಾದ್ರೆ ಸುಳ್ಳು ಮಾತಾಡಬಹುದಾ’ ಅಂದ. ಅವತ್ತು ಇಬ್ಬರೂ ಮಾತಾಡದೆ ಮಲಗಿದೆವು. ಈ ಲೇಖನ ಒಂಥರಾ ಅವನಿಗೆ ತಡವಾಗಿ ಕೊಡ್ತಿರೋ ಉತ್ತರ.

ಹೋಗನ್ ಇಮೇಜು ಏನಿತ್ತು ಅಂತ ಸ್ವಲ್ಪ ನೋಡೋಣ. 1984ರ ಜನವರಿಯಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಐರನ್ ಶೇಖ್‌ನನ್ನ ಸೋಲಿಸಿ ಚಾಂಪಿಯನ್ ಆದ. 1987ರ ರೆಸಲ್‌ಮೇನಿಯಾ 3ರಲ್ಲಿ ಆಂಡ್ರೆ ದಿ ಜೈಂಟ್ ಅನ್ನೋ ಬೆಟ್ಟದಂಥ ಮನುಷ್ಯನನ್ನ ಎತ್ತಿ ಒಗೆದ. ಹಳದಿ ಬನಿಯನ್ ಹರ್ಕೊಂಡು, ಕಿವಿಗೆ ಕೈ ಇಟ್ಟು ನಿಂತರೆ ಇಡೀ ಅರೀನಾ ಕೂಗ್ತಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ ಅವನು. ಮಕ್ಕಳಿಗೆ ಉಪದೇಶ ಮಾಡ್ತಿದ್ದ: ವ್ಯಾಯಾಮ ಮಾಡಿ, ಪ್ರಾರ್ಥನೆ ಮಾಡಿ, ವಿಟಮಿನ್ ತಿನ್ನಿ.

ಆ ದೇಹ ಬರೀ ವಿಟಮಿನ್‌ನಿಂದ ಬಂದಿರಲಿಲ್ಲ. 1991ರಲ್ಲಿ ಒಂದು ಟೀವಿ ಶೋಗೆ ಹೋಗಿ, ಸ್ಟೀರಾಯ್ಡ್ ತಗೊಂಡಿದ್ದು ಗಾಯ ವಾಸಿಯಾಗೋಕೆ ಮಾತ್ರ ಅನ್ನೋ ಹಾಗೆ ಹೇಳಿದ. 1994ರಲ್ಲಿ ಕೋರ್ಟಿನಲ್ಲಿ ಪ್ರಮಾಣ ಮಾಡಿ ನಿಂತಾಗ, ವರ್ಷಗಟ್ಟಲೆ ತಗೊಳ್ತಿದ್ದೆ ಅಂತ ಒಪ್ಪಿಕೊಂಡ. ಇನ್ನೊಂದು ಕಥೆ ನನಗೆ ಇದಕ್ಕಿಂತ ನೋವು ಕೊಡುತ್ತೆ. 1986ರಲ್ಲಿ ಜೆಸ್ಸಿ ವೆಂಚುರಾ ಅನ್ನೋ ಸಹ ಕುಸ್ತಿಪಟು, ನಾವೆಲ್ಲಾ ಸೇರಿ ಯೂನಿಯನ್ ಕಟ್ಟೋಣ ಅಂತ ಡ್ರೆಸ್ಸಿಂಗ್ ರೂಮಿನಲ್ಲಿ ಮಾತಾಡಿದ್ದ. ಅದನ್ನ ಯಜಮಾನರ ಕಿವಿಗೆ ಹಾಕಿದ್ದು ಹೋಗನ್ ಅಂತ ಆಮೇಲೆ ಕೋರ್ಟ್ ಕೇಸಿನಲ್ಲಿ ಗೊತ್ತಾಯ್ತು ಅಂತ ವೆಂಚುರಾ ಹೇಳ್ತಾನೆ. ಇವತ್ತಿಗೂ ಆ ಕಂಪನಿಯ ಕುಸ್ತಿಪಟುಗಳು ನೌಕರರಲ್ಲ, ‘ಸ್ವತಂತ್ರ ಗುತ್ತಿಗೆದಾರರು’. ಬಡವರ ಪರ ಹೊಡೆದಾಡೋ ಹೀರೋ ಅಂತ ನಾವು ಅಂದ್ಕೊಂಡಿದ್ದವನು ಮಾಡಿದ ಕೆಲಸ ಇದು.

ಯಾವುದು ಮೋಸ?

ಈಗ ನೋಡಿ, ಆಂಡ್ರೆಯನ್ನ ಎತ್ತಿ ಒಗೆದದ್ದು ಮೋಸ ಅಲ್ಲ. ಆಂಡ್ರೆ ಒಪ್ಪದೆ ಅವನನ್ನ ಎತ್ತೋಕೆ ಆಗ್ತಿರಲಿಲ್ಲ ಅಂತ ನೋಡೋರಿಗೆ ಗೊತ್ತು, ಆಡೋರಿಗೂ ಗೊತ್ತು. ಅಲ್ಲಿ ಒಂದು ಒಪ್ಪಂದ ಇದೆ. ವಿಟಮಿನ್ ಉಪದೇಶದಲ್ಲಿ ಆ ಒಪ್ಪಂದ ಇರಲಿಲ್ಲ. ಅದನ್ನ ಕೇಳಿದ ಮಗು ನಿಜ ಅಂತಲೇ ಕೇಳ್ತು. ಮೋಸ ನಡೆದಿದ್ದು ಅಲ್ಲಿ.

ಇದರ ಉಲ್ಟಾ ನೋಡಿ. ಅದೇ ಐರನ್ ಶೇಖ್, ಇರಾನ್ ಬಾವುಟ ಹಿಡ್ಕೊಂಡು ಅಮೆರಿಕ ಅಂದ್ರೆ ಉಗುಳ್ತಿದ್ದ ಖಳ. ರಿಂಗ್‌ಗೆ ಬರೋ ಮೊದಲು ಅವನು ಅಮೆರಿಕದ ಒಲಿಂಪಿಕ್ ಕುಸ್ತಿ ತಂಡಕ್ಕೇ ಸಹಾಯಕ ಕೋಚ್ ಆಗಿದ್ದವನು! ಮಿಕ್ ಫೋಲಿ ಇನ್ನೊಬ್ಬ. 1998ರಲ್ಲಿ ಅಂಡರ್‌ಟೇಕರ್ ಅವನನ್ನ ಪಂಜರದ ಮೇಲಿಂದ ಎಸೆದ ದೃಶ್ಯ ನೋಡದ ಫ್ಯಾನ್ ಇಲ್ಲ. ಮುಖವಾಡ ಹಾಕಿದ ಹುಚ್ಚನ ಪಾತ್ರ ಅವನದ್ದು. ಕೈಬರಹದಲ್ಲೇ ಆತ್ಮಕಥೆ ಬರೆದ, ಅದು ಬೆಸ್ಟ್‌ಸೆಲ್ಲರ್ ಆಯ್ತು. ಮಕ್ಕಳಿಗೂ ಪುಸ್ತಕ ಬರೆದಿದ್ದಾನೆ.

ನಮಗೆ ಇದು ಹೊಸದೇನಲ್ಲ. ನಮ್ಮ ಅಜ್ಜಿ ಕಾಲದವರು ಪರದೆ ಮೇಲೆ ವಜ್ರಮುನಿ ಕಣ್ಣು ಬಿಟ್ಟರೆ ಶಾಪ ಹಾಕ್ತಿದ್ದರು. ಇವತ್ತು ಅದೇ ವಜ್ರಮುನಿ ಹೆಸರು ಹೇಳಿದರೆ ಎಲ್ಲರಿಗೂ ಪ್ರೀತಿ, ಗೌರವ. ಖಳನ ಪಾತ್ರ ಮಾಡಿದವನು ಖಳ ಅಲ್ಲ ಅಂತ ನಮಗೆ ಬೇಗ ಅರ್ಥ ಆಗುತ್ತೆ. ಆದ್ರೆ ಹೀರೋ ಪಾತ್ರ ಮಾಡಿದವನು ಹೀರೋ ಆಗಿರಬೇಕಾಗಿಲ್ಲ ಅನ್ನೋದು ಮಾತ್ರ ಅರ್ಥ ಆಗಲ್ಲ. ಅರ್ಥ ಆದ್ರೂ ಒಪ್ಪಲ್ಲ. ನಾನೂ ಒಪ್ಪಿರಲಿಲ್ಲ.

ಸ್ಕ್ರಿಪ್ಟ್‌ನಲ್ಲಿ ಇಲ್ಲದ ಒಂದೇ ಒಂದು ಸದ್ದು

ರೆಸ್ಲಿಂಗ್‌ನಲ್ಲಿ ಯಾರೂ ಬರೆದಿಡೋಕೆ ಆಗದ್ದು ಒಂದಿದೆ, ಜನರ ಕೂಗು. ಯಾರು ಗೆಲ್ಲಬೇಕು ಅಂತ ಬರೀಬಹುದು. ಯಾರನ್ನ ಇಷ್ಟಪಡಬೇಕು ಅಂತ ಬರೆಯೋಕೆ ಆಗಲ್ಲ.

ಜಾನ್ ಸೀನಾ ವಿಷಯ ತಗೊಳ್ಳಿ. ಅವನನ್ನ ಚಿಕ್ಕ ಮಕ್ಕಳ ದೇವರು ಮಾಡಿ ನಿಲ್ಲಿಸಿದರು. 2006ರಲ್ಲಿ ನ್ಯೂಯಾರ್ಕಿನ ಹ್ಯಾಮರ್‌ಸ್ಟೀನ್ ಬಾಲ್‌ರೂಮ್‌ನಲ್ಲಿ ಆಡೋಕೆ ಬಂದಾಗ, ಅವನು ಎಸೆದ ಟೀಶರ್ಟನ್ನ ಜನ ವಾಪಸ್ ಅವನ ಮೇಲೇ ಎಸೆದರು. ‘ಸೀನಾ ಗೆದ್ದರೆ ದಂಗೆ ಎದ್ದೇಳ್ತೀವಿ’ ಅಂತ ಬೋರ್ಡ್ ಬೇರೆ. ಆಮೇಲೂ ಹತ್ತು ವರ್ಷ ಪ್ರತೀ ಊರಲ್ಲಿ ಅರ್ಧ ಜನ ಜೈ, ಅರ್ಧ ಜನ ಬೂ. ಅವನು ಮುಖ ಗಂಟಿಕ್ಕಲಿಲ್ಲ. ಅದೇ ವರ್ಷಗಳಲ್ಲಿ, ಗಂಭೀರ ಕಾಯಿಲೆ ಇರೋ ಮಕ್ಕಳ ಆಸೆ ಈಡೇರಿಸೋ ಮೇಕ್ ಎ ವಿಶ್ ಸಂಸ್ಥೆಯ ಮೂಲಕ ಒಂದೊಂದೇ ಮಗುವನ್ನ ಭೇಟಿ ಮಾಡ್ತಾ ಹೋದ. 2022ರ ಹೊತ್ತಿಗೆ 650 ಮಕ್ಕಳು, ಗಿನ್ನಿಸ್ ದಾಖಲೆ. ನೀವು ಕೇಳಬಹುದು, ‘ಅದೂ ಇಮೇಜಿಗೋಸ್ಕರ ಇರಬಹುದಲ್ವಾ?’ ಇರಬಹುದು. ಆದ್ರೆ ಒಂದೋ ಎರಡೋ ಭೇಟಿ ಫೋಟೋಗೆ ಸಾಕು ಮಗಾ. 650 ಸಲ ಹೋಗೋನು ಫೋಟೋಗೋಸ್ಕರ ಹೋಗಲ್ಲ ಅಂತ ನನ್ನ ಲೆಕ್ಕ. 2025ರ ಡಿಸೆಂಬರ್‌ನಲ್ಲಿ ತನ್ನ ಕೊನೆಯ ಮ್ಯಾಚಿನಲ್ಲಿ, ‘ಎಂದೂ ಬಿಟ್ಟುಕೊಡಬೇಡ’ ಅಂತ ಜೀವನಪೂರ್ತಿ ಟೀಶರ್ಟ್ ಮಾರಿದವನು, ಗುಂಥರ್ ಎದುರು ಕೈ ತಟ್ಟಿ ಸೋಲೊಪ್ಪಿಕೊಂಡು ಹೋದ. ಇಮೇಜನ್ನೇ ರಿಂಗಿನಲ್ಲಿ ಬಿಟ್ಟು ಹೋದ ಹಾಗೆ ಅನ್ನಿಸ್ತು ನನಗೆ.

ರೋಮನ್ ರೇನ್ಸ್ ಕಥೆ ಇನ್ನೂ ದೊಡ್ಡದು. ಕಂಪನಿ ‘ಇವನೇ ನಿಮ್ಮ ಮುಂದಿನ ಹೀರೋ’ ಅಂತ ಜನರ ಗಂಟಲಿಗೆ ತುರುಕಿತು. 2015ರ ರಾಯಲ್ ರಂಬಲ್‌ನಲ್ಲಿ ಗೆದ್ದಾಗ ಸಾಕ್ಷಾತ್ ದಿ ರಾಕ್ ಬಂದು ಕೈ ಎತ್ತಿ ಹಿಡಿದರೂ ಫಿಲಡೆಲ್ಫಿಯಾ ಜನ ಬೂ ಅನ್ನೋದು ನಿಲ್ಲಿಸಲಿಲ್ಲ. 2017ರಲ್ಲಿ ರೆಸಲ್‌ಮೇನಿಯಾದಲ್ಲಿ ಅಂಡರ್‌ಟೇಕರ್‌ನನ್ನ ಸೋಲಿಸಿ, ಮಾರನೇ ರಾತ್ರಿ ರಿಂಗಿಗೆ ಬಂದ. ನಿಮಿಷಗಟ್ಟಲೆ ಬಾಯಿ ತೆರೆಯೋಕೆ ಬಿಡಲಿಲ್ಲ. ಒಂದೇ ಸಾಲು ಹೇಳಿ ಹೊರಟುಹೋದ. ನಾನೂ ಆಗ ಟೀವಿ ಮುಂದೆ ಕೂತು ಬೈದವನೇ.

2018ರ ಅಕ್ಟೋಬರ್ 22. ಪಾತ್ರದ ವೇಷ ಇಲ್ಲದೆ, ಮಾಮೂಲಿ ಬಟ್ಟೆಯಲ್ಲಿ ಬಂದು, ನನ್ನ ನಿಜವಾದ ಹೆಸರು ಜೋ ಅಂದ. ಹನ್ನೊಂದು ವರ್ಷದಿಂದ ನನಗೆ ಲ್ಯುಕೇಮಿಯಾ ಇದೆ, ಈಗ ಅದು ಮತ್ತೆ ಬಂದಿದೆ ಅಂತ ಹೇಳಿ ಬೆಲ್ಟ್ ಕೆಳಗಿಟ್ಟ. ಅಷ್ಟು ವರ್ಷ ಬೂ ಅಂದಿದ್ದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕೆಲವರು ಅಳ್ತಿದ್ದರು. 2019ರ ಫೆಬ್ರವರಿಯಲ್ಲಿ ಕಾಯಿಲೆ ಹಿಡಿತಕ್ಕೆ ಬಂದಿದೆ ಅಂತ ವಾಪಸ್ ಬಂದ.

ನನಗೆ ಇಲ್ಲಿ ಅರ್ಥ ಆಗಿದ್ದು ಇದು. ಜನ ಬೂ ಅಂದಿದ್ದು ಜೋಗೆ ಅಲ್ಲ, ತಮ್ಮ ಮೇಲೆ ಹೇರಿದ ಇಮೇಜಿಗೆ. ಮನುಷ್ಯ ಎದುರಿಗೆ ಬಂದ ಕ್ಷಣ ಜನ ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರು. ತಮಾಷೆ ಅಂದ್ರೆ, 2020ರಲ್ಲಿ ಅವನು ತಮ್ಮಂದಿರನ್ನೇ ತುಳಿಯೋ ಅಹಂಕಾರಿ ಖಳನಾಗಿ ಬಂದ ಮೇಲೆ ಜನ ಅವನನ್ನ ನಿಜವಾಗಿ ಮೆಚ್ಚಿದ್ದು. 1,316 ದಿನ ಚಾಂಪಿಯನ್ ಆಗಿದ್ದ.

ಬೆಕಿ ಲಿಂಚ್ ವಿಷಯದಲ್ಲೂ ಹೀಗೇ. 2018ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಗೆಳತಿಯನ್ನ ಹೊಡೆಸಿ ಅವಳನ್ನ ಖಳನಾಯಕಿ ಮಾಡೋಕೆ ಹೊರಟರು. ಜನ ‘ಆಗಲ್ಲ ಹೋಗ್ರೀ’ ಅಂತ ಅವಳಿಗೇ ಜೈ ಅಂದರು. ಮುಂದಿನ ವರ್ಷ ರೆಸಲ್‌ಮೇನಿಯಾದ ಕೊನೆಯ ಮ್ಯಾಚು ಮೊದಲ ಬಾರಿಗೆ ಹೆಂಗಸರದ್ದಾಯ್ತು, ಗೆದ್ದವಳು ಬೆಕಿ.

ಹೋಗನ್‌ಗೂ ಈ ಸದ್ದು ಕೇಳಿಸ್ತು. 2025ರ ಜನವರಿ 6, ಲಾಸ್ ಏಂಜಲೀಸ್, ನೆಟ್‌ಫ್ಲಿಕ್ಸ್‌ನಲ್ಲಿ ರಾ ಶುರುವಾದ ಮೊದಲ ರಾತ್ರಿ. ತನ್ನ ಬಿಯರ್ ಬ್ರ್ಯಾಂಡಿನ ಪ್ರಚಾರ ಮಾಡೋಕೆ ಬಾವುಟದ ಜೊತೆ ಬಂದ. ಕಿವಿಗೆ ಕೈ ಇಡೋ ಮೊದಲೇ ಇಡೀ ಅರೀನಾ ಬೂ. ಕಂಪನಿ 2018ರಲ್ಲಿ ಕ್ಷಮಿಸಿತ್ತು, ಜನ ಕ್ಷಮಿಸಿರಲಿಲ್ಲ.

ಅಳಿಸಿ ಹಾಕಿದರೆ ಆಯ್ತಾ?

ಹಾಗಂತ ತಪ್ಪು ಮಾಡಿದವರನ್ನ ಪೂರ್ತಿ ಅಳಿಸಿಬಿಡೋದು ಉತ್ತರ ಅಂತ ನಾನು ಹೇಳಲ್ಲ. ಅದನ್ನೂ ಕಂಪನಿ ಮಾಡಿ ತೋರಿಸಿದೆ. 2007ರ ಜೂನ್‌ನಲ್ಲಿ ಕ್ರಿಸ್ ಬೆನ್ವಾ ತನ್ನ ಹೆಂಡತಿಯನ್ನ, ಏಳು ವರ್ಷದ ಮಗನನ್ನ ಕೊಂದು ತಾನೂ ಸತ್ತ. ಪೂರ್ತಿ ವಿವರ ಹೊರಬರೋ ಮೊದಲೇ ಮೂರು ಗಂಟೆಯ ಶ್ರದ್ಧಾಂಜಲಿ ಕಾರ್ಯಕ್ರಮ ಮಾಡಿದರು. ಮಾರನೇ ದಿನ, ಇನ್ನು ಅವನ ಹೆಸರು ಇಲ್ಲ ಅಂದರು. ಅಷ್ಟೇ, ಅವತ್ತಿನಿಂದ ಆ ಹೆಸರು ಎತ್ತೋ ಹಾಗಿಲ್ಲ.

ಅವನನ್ನ ಹೊಗಳಬೇಕು ಅಂತ ನಾನು ಖಂಡಿತ ಹೇಳ್ತಿಲ್ಲ. ಸತ್ತ ಆ ತಾಯಿ, ಮಗು ಮೊದಲು ನೆನಪಾಗಬೇಕು. ಆದ್ರೆ ಆಮೇಲೆ ಅವನ ಮೆದುಳನ್ನ ಪರೀಕ್ಷೆ ಮಾಡಿದ ತಜ್ಞರಿಗೆ, ತಲೆಗೆ ಪದೇ ಪದೇ ಪೆಟ್ಟು ಬಿದ್ದು ಭಾರೀ ಹಾನಿ ಆಗಿದ್ದು ಕಂಡಿತು. ಅವನು ಮಾಡಿದ ಕೊಲೆಗೆ ಅದು ಕ್ಷಮೆ ಅಲ್ಲ. ಆದ್ರೆ ಕುರ್ಚಿಯಲ್ಲಿ ತಲೆಗೆ ಹೊಡೆಯೋದನ್ನ ನೋಡಿ ವರ್ಷಗಟ್ಟಲೆ ಶಿಳ್ಳೆ ಹೊಡೆದವರು ನಾವೇ ಅಲ್ವಾ? 2010ರಲ್ಲಿ ಕಂಪನಿ ಆ ಹೊಡೆತ ನಿಷೇಧಿಸಿತು. ಹೆಸರು ಅಳಿಸಿದರೆ ಇಮೇಜು ಕ್ಲೀನ್ ಆಗುತ್ತೆ, ಪಾಠ ಮಾತ್ರ ಅದರ ಜೊತೆಗೇ ಅಳಿಸಿ ಹೋಗುತ್ತೆ.

ಖಲಿಯನ್ನ ನೋಡಿ ನಕ್ಕವರು ಯಾರು?

ಇಷ್ಟು ಹೊತ್ತು ಅಮೆರಿಕದವರನ್ನ ಬೈದಿದ್ದಾಯ್ತು. ಈಗ ನಮ್ಮ ಸರದಿ.

ಟ್ರಂಪ್ ಕಾರ್ಡ್ ಆಡಿದವರಿಗೆ ಗೊತ್ತು, ಕೈಗೆ ಖಲಿ ಬಂದರೆ ಹಬ್ಬ. ಕಣ್ಣು ಮುಚ್ಚಿಕೊಂಡು ‘ಹೈಟ್’ ಅನ್ನಬಹುದು. ದಲೀಪ್ ಸಿಂಗ್ ರಾಣಾ, ಹಿಮಾಚಲದ ಸಿರ್ಮೌರ್ ಜಿಲ್ಲೆಯ ಹಳ್ಳಿಯವರು, ಬಡತನದಲ್ಲಿ ಬೆಳೆದು ಪಂಜಾಬ್ ಪೊಲೀಸ್ ಸೇರಿದವರು. 2006ರಲ್ಲಿ ಬಂದ ದಿನವೇ ಅಂಡರ್‌ಟೇಕರ್‌ನನ್ನ ಕೆಡವಿದರು, 2007ರಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದರು, ಆ ಬೆಲ್ಟ್ ಕಟ್ಟಿದ ಮೊದಲ ಭಾರತೀಯ. ಆಮೇಲೆ ಅದೇ ಕಂಪನಿ ಅವರನ್ನ ‘ಪಂಜಾಬಿ ಪ್ಲೇಬಾಯ್’ ಮಾಡಿ, ಹುಡುಗಿಯರಿಗೆ ಮುತ್ತು ಕೊಡೋ ಕಾಮಿಡಿ ಪೀಸ್ ಮಾಡಿತು.

ಆ ಎತ್ತರ, ಆ ದವಡೆ, ಆ ನಿಧಾನದ ನಡಿಗೆ, ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿಯ ತೊಂದರೆಯಿಂದ ಬಂದದ್ದು. 2012ರಲ್ಲಿ ಅಲ್ಲಿದ್ದ ಗಡ್ಡೆಗೆ ಆಪರೇಷನ್ ಆಯ್ತು. ಇದು ಗೊತ್ತಾಗೋ ಮೊದಲು ನಾನು ಖಲಿ ಮೀಮುಗಳನ್ನ ಎಷ್ಟು ಫಾರ್ವರ್ಡ್ ಮಾಡಿದ್ದೆನೋ ಲೆಕ್ಕ ಇಲ್ಲ. ಗೊತ್ತಾದ ಮೇಲೂ ಒಂದೆರಡು ಮಾಡಿದೀನಿ, ಸುಳ್ಳು ಯಾಕೆ ಹೇಳಲಿ. ಕಂಪನಿ ಮಾಡಿದ ಇಮೇಜನ್ನ ನಾವು ಪ್ರಶ್ನೆ ಮಾಡದೆ ನುಂಗಿದ್ವಿ. ಜಲಂಧರ್‌ನಲ್ಲಿ ಅವರೇ ಒಂದು ಕುಸ್ತಿ ಶಾಲೆ ಕಟ್ಟಿದ್ದು, ಅಲ್ಲಿ ಕಲಿತ ಹರಿಯಾಣದ ಕವಿತಾ ದೇವಿ 2017ರಲ್ಲಿ ಸಲ್ವಾರ್ ಕಮೀಜ್‌ನಲ್ಲೇ ಡಬ್ಲ್ಯೂಡಬ್ಲ್ಯೂಇ ರಿಂಗಿಗೆ ಇಳಿದದ್ದು, ಇದರ ಬಗ್ಗೆ ನಮ್ಮ ಗ್ರೂಪಿನಲ್ಲಿ ಒಂದು ಮೆಸೇಜೂ ಬಂದಿರಲಿಲ್ಲ.

ಜಿಂದರ್ ಮಹಲ್ ಇನ್ನೊಂದು ಕೇಸು. ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ. ಪೇಟ ಕಟ್ಟಿಸಿ, ಪಂಜಾಬಿಯಲ್ಲಿ ಮಾತಾಡಿಸಿ, ಅಮೆರಿಕದವರನ್ನ ಬೈಯೋ ‘ಇಂಡಿಯನ್ ವಿಲನ್’ ಮಾಡಿದರು. 2017ರ ಮೇನಲ್ಲಿ ರ್‍ಯಾಂಡಿ ಆರ್ಟನ್‌ನನ್ನ ಸೋಲಿಸಿ ಚಾಂಪಿಯನ್ ಆದ. ನವೆಂಬರ್‌ನಲ್ಲಿ ಬೆಲ್ಟ್ ಹೋಯ್ತು. ಡಿಸೆಂಬರ್‌ನಲ್ಲಿ ದೆಹಲಿಗೆ ಬಂದಾಗ, ನಮ್ಮ ನೆಲದಲ್ಲೇ ಟ್ರಿಪಲ್ ಎಚ್ ಕೈಲಿ ಸೋಲಿಸಿದರು. 1984ರ ಐರನ್ ಶೇಖ್ ಫಾರ್ಮುಲಾನೇ, ಹೆಸರು ಬದಲಾಗಿದೆ ಅಷ್ಟೇ. ನಾವು ಅವನನ್ನ ‘ನಮ್ಮವನು’ ಅಂತ ಕುಣಿದ್ವಿ. ಆದ್ರೆ ಅಲ್ಲಿ ತೋರಿಸಿದ ಭಾರತ ನಮ್ಮದಾಗಿರಲಿಲ್ಲ, ಅವರು ಬರೆದದ್ದಾಗಿತ್ತು.

ಹಾಗಾದ್ರೆ ಏನು ಮಾಡೋಣ?

ನನ್ನ ಅಭಿಪ್ರಾಯ ಸರಳ. ಎರಡು ಲೆಕ್ಕದ ಪುಸ್ತಕ ಇಟ್ಕೊಳ್ಳೋಣ. ಒಂದು ಪಾತ್ರದ್ದು, ಇನ್ನೊಂದು ಮನುಷ್ಯನದ್ದು. ಈ ಪುಸ್ತಕದ ಸಾಲವನ್ನ ಆ ಪುಸ್ತಕದ ದುಡ್ಡಲ್ಲಿ ತೀರಿಸೋ ಹಾಗಿಲ್ಲ. ಹೋಗನ್ ಆಂಡ್ರೆಯನ್ನ ಎತ್ತಿದ್ದು ಇವತ್ತು ನೋಡಿದರೂ ನನಗೆ ಮೈ ಜುಂ ಅನ್ನುತ್ತೆ, ಅದನ್ನ ಯಾಕೆ ಮುಚ್ಚಿಡಲಿ? ಆದ್ರೆ ಆ ಒಂದು ಎತ್ತುವಿಕೆ, ಅವನು ಆಡಿದ ಮಾತನ್ನ ತೊಳೆಯೋಕೆ ಸಾಕಾಗಲ್ಲ. ಹಾಗೇ ಯಾರೋ ಒಬ್ಬ ರಿಂಗಿನಲ್ಲಿ ಖಳ, ಇಲ್ಲಾ ಜೋಕರ್ ಅಂತ, ಅವನು ಮನುಷ್ಯನಾಗಿ ಗಳಿಸಿದ ಗೌರವವನ್ನ ನಾವು ಕಿತ್ಕೊಳ್ಳೋ ಹಾಗೂ ಇಲ್ಲ.

ಇದು ರೆಸ್ಲಿಂಗಿಗೆ ಮಾತ್ರ ಅಲ್ಲ ಅಂತ ನಿಮಗೂ ಗೊತ್ತು. ಫಸ್ಟ್ ಡೇ ಫಸ್ಟ್ ಶೋಗೆ ಹಾಲು ಎರೆಯೋರು, ಕ್ರಿಕೆಟರ್ ಹೆಸರಲ್ಲಿ ಕಾಮೆಂಟ್ ಬಾಕ್ಸಲ್ಲಿ ಹೊಡೆದಾಡೋರು ನಮ್ಮ ಬ್ಯಾಚಿನಲ್ಲೇ ಇದಾರೆ. ಅವರೆಲ್ಲರಿಗಿಂತ ರೆಸ್ಲಿಂಗ್ ಫ್ಯಾನಿಗೆ ಒಂದು ಅನುಕೂಲ ಇದೆ. ನಮಗೆ ನಾಟಕ ಅಂತ ಮೊದಲೇ ಹೇಳಿರ್ತಾರೆ. ಆದ್ರೂ ನಾವೇ ಏಮಾರಿದರೆ ಬೇರೆಯವರ ಗತಿ ಏನು?

ಹೋಗನ್ ಕಾರ್ಡನ್ನ ನಾನು ಎಸೆದಿಲ್ಲ. ಅಣ್ಣನ ಜೊತೆ ಆಡಿದ್ದು ಅದರಲ್ಲಿದೆ. ಸ್ಟೇಟಸ್ ಮಾತ್ರ ಅವತ್ತೇ ರಾತ್ರಿ ಡಿಲೀಟ್ ಮಾಡಿದ್ದೆ, ರೂಮ್‌ಮೇಟ್‌ಗೆ ಇದುವರೆಗೂ ಹೇಳಿಲ್ಲ. ಇದನ್ನ ಓದಿದ ಮೇಲೆ ಗೊತ್ತಾಗುತ್ತೆ.

ಒಪ್ಪದವರು ಸಂಜೆ ಐದಕ್ಕೆ ಕ್ಯಾಂಟೀನ್ ಹತ್ರ ಬನ್ನಿ, ವಾದ ಮಾಡೋಣ. ಕುರ್ಚಿ ಎತ್ತೋ ಹಾಗಿಲ್ಲ, ಟೀ ನಿಮ್ಮದು.